ಕನಿಷ್ಠ ಮೊತ್ತ ಕಟ್ಟಿದ ದರ್ಜಿ

ಗಲ್ಲಿಯ ದರ್ಜಿ ಯಾರ ಮುಂದೆಯೂ ಕೈಚಾಚಿದವನಲ್ಲ. ಕರೆಂಟಿನ ಹೊಲಿಗೆ ಮೆಷಿನ್ ಕೊಳ್ಳಲು ಕ್ರೆಡಿಟ್ ಕಾರ್ಡ್ ಮಾಡಿಸಿದಾಗ, ಸೂಟ್‌ಕೇಸ್ ಉಚಿತ ಎಂದ ಕಾರ್ಡನ್ನೇ ಆರಿಸಿಕೊಂಡ. ಬಡ್ಡಿ ಎಷ್ಟೆಂದು ಕೇಳಲಿಲ್ಲ. ಆಮೇಲೆ ದಾರ, ಲೈನಿಂಗ್ ಬಟ್ಟೆಯನ್ನೂ ಅದರಲ್ಲೇ ತಂದ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದಿದ್ದುದನ್ನೇ ಕಂತೆಂದು ನಂಬಿ ತಿಂಗಳು ತಿಂಗಳೂ ಕಟ್ಟಿದ. ಮೂರು ವರ್ಷದ ಮೇಲೆ, ಇನ್ನೆಷ್ಟು ಬಾಕಿಯಿದೆ ಎಂದು ಬ್ಯಾಂಕಿನಲ್ಲಿ ವಿಚಾರಿಸಿದ.

“ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿದೆ, ಅಸಲು ಹಾಗೇ ಇದೆ. ಪೂರ್ತಿ ಬಿಲ್ ಕಟ್ಟಬೇಕಿತ್ತು ನೀವು,” ಎಂದಳು ಅಲ್ಲಿದ್ದ ಗುಮಾಸ್ತೆ, ಮೆತ್ತಗೆ.

ಮನೆಯಲ್ಲಿ ಹೆಂಡತಿ ಕೇಳಿದಳು, “ತೀರಿತೇನ್ರೀ?”

“ಶುರುನೇ ಆಗಿಲ್ಲ ಕಣೆ,” ಎಂದ.

ಮೆಷಿನ್ ಅರ್ಧ ಬೆಲೆಗೆ ಹೋಯಿತು, ಅಂಗಡಿಯೂ ಮುಚ್ಚಿತು. ಸಾಲ ಇನ್ನೂ ಮಿಕ್ಕಿದೆ. ಈಗ ಅವನು ಬೇರೆಯವರ ಅಂಗಡಿಯಲ್ಲಿ ಕೂತು ಶರ್ಟುಗಳಿಗೆ ಗುಂಡಿ ಹಾಕುತ್ತಾನೆ.