ತಲೆಯಿಲ್ಲದ ಹಂಸಗಳ ಸೀರೆ

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ಅಕ್ಕನ ಲಗ್ನ ಗೊತ್ತಾದಾಗ, ಬೀಗತಿಗೆ ಕೊಡುವ ಸೀರೆಯನ್ನು ತಾನೇ ನೇಯುತ್ತೇನೆಂದು ಇಚಲಕರಂಜಿಯಲ್ಲಿ ಮಗ್ಗ ಹಾಕಿದ್ದ ಕಾಕಾ ಹಟ ಹಿಡಿದ. ಅವ್ವ ಗಾಬರಿಯಾದಳು. ಮಹಾಗಾಂವದ ಆ ಬೀಗತಿ ಹಿರಿಯ ಸೊಸೆಯ ತವರಿನ ಸೀರೆಯನ್ನು ನೆರೆದ ಮಂದಿಯೆದುರು ಬೆಳಕಿಗೆ ಹಿಡಿದು, "ಹಿಟ್ಟು ಸೋಸಾಕ ಚಲೋ ಆತು" ಅಂದವರು. ಆ ಸೊಸೆ ಇನ್ನೂ ಅದೇ ಮಾತು ಕೇಳುತ್ತಿದ್ದಳು. ನಾಳೆ ನಮ್ಮ ಅಕ್ಕನ ಪಾಳಿ.

ಕಾಕಾ ನಮೂನೆ ಹುಡುಕಿದ್ದು ಕೃಷ್ಣಾ ದಂಡೆಯ ಹಳೆಯ ಗುಡಿಯಲ್ಲಿ. ಅಲ್ಲಿ ಗೋಡೆಗೆ ಆನಿಕೊಂಡು ಕಲ್ಲಿನ ಹೆಂಗಸೊಬ್ಬಳು ಶತಮಾನಗಳಿಂದ ನೆರಿಗೆ ಕೆಡದಂತೆ ಸೀರೆ ಉಟ್ಟು ನಿಂತಿದ್ದಾಳೆ. ಕುಪ್ಪಸ ಮಾತ್ರ ಇಲ್ಲ. ಹಾಗಾಗಿ ಜೊತೆಗೆ ಹೋಗಿದ್ದ ಅವ್ವ ಅವಳನ್ನು ಸೊಂಟದಿಂದ ಕೆಳಗಷ್ಟೇ ನೋಡಿದಳು. ಕಾಕಾ ಕಾಗದ ಹಚ್ಚಿ ಇದ್ದಿಲು ಉಜ್ಜಿ ಅಂಚಿನ ಹಂಸಗಳನ್ನು ಇಳಿಸಿಕೊಂಡ. ನಮೂನೆಗೆ ಒಂದು ಎಳೆ ಕೂಡಿಸಬಾರದು, ಕಳೆಯಬಾರದು ಎಂಬುದು ಅವನ ಮಗ್ಗದ ಶಿಸ್ತು.

ನಿಶ್ಚಯದ ಹಿಂದಿನ ದಿನ ಸೀರೆ ಬಂತು. ಅವ್ವ ಬಿಚ್ಚಿ ನೋಡಿದಳು. ಅಂಚಿನುದ್ದಕ್ಕೂ ಬಾಲ, ಹೊಟ್ಟೆ, ಕಾಲು.

"ಇವಕ್ಕ ತಲಿ ಎಲ್ಲಿ ಅದಾವೋ?"

"ಕಲ್ಲಿನ್ಯಾಗ ಹಿಂಗ ಅದಾವ, ವೈನಿ. ಹಿಂದಿನವರ ಪದ್ಧತಿ ಇರಬೇಕಂತ ತಿಳದೆ."

"ತಲಿ ನೆರಿಗಿ ಒಳಗ ಹೋಗ್ಯಾವೋ ಶ್ಯಾಣ್ಯಾ."

ಕಾಕಾ ಅಂಚನ್ನು ಮಡಚಿ ನೋಡಿದ, ಬಿಡಿಸಿ ನೋಡಿದ. "ಉಟ್ಟಮ್ಯಾಲೆ ತಿಳಿಯಂಗಿಲ್ಲ ಬಿಡ್ರಿ."

"ಆಕಿ ಉಡೂಕಿಂತ ಮೊದಲ ಬಿಚ್ಚತಾಳ."

ಬೇರೆ ಸೀರೆ ತರಲು ಹೊತ್ತಿರಲಿಲ್ಲ. ಅಕ್ಕ ಆ ದಿನ ಊಟ ಬಿಟ್ಟಳು.

ಮರುದಿನ ಬೀಗತಿ ಸೀರೆಯ ಒಂದು ತುದಿಯನ್ನು ಹಿರಿಯ ಸೊಸೆಯ ಕೈಗೆ ಕೊಟ್ಟು ಪಡಸಾಲೆಯ ಉದ್ದಕ್ಕೂ ಹಾಸಿದರು. ಅವರ ಬೆರಳು ಅಂಚಿನ ಮೇಲೆ ಸಾವಕಾಶ ಸರಿಯಿತು.

"ತಲಿ ನೀವ ಇಟಗೊಂಡು ಉಳದದ್ದು ನಮಗ ಕೊಟ್ಟೀರೇನ್ರಿ?"

ಕಾಕಾ ಎದ್ದು ನಿಂತು ಕಲ್ಲಿನ ಹೆಂಗಸಿನ ಕತೆಯನ್ನೆಲ್ಲ ಹೇಳಿಬಿಟ್ಟ. "ಆಕಿ ನೆರಿಗಿ ಬಿಚ್ಚಿ ನೋಡಾಕ ಬರಲಿಲ್ಲರಿ" ಎಂದ.

"ಕಲ್ಲಾಗಿ ಪಾರಾದಳು ಪಾಪ. ಇಲ್ಲಾಂದ್ರ ನೀ ಬಿಡಾಂವಲ್ಲ."

ಮಂದಿಯೆಲ್ಲ ನಕ್ಕರು. ಅವ್ವ ಮಾತ್ರ ನಗಲಿಲ್ಲ. ಬೀಗತಿ ಅರಿವೆಯನ್ನು ಬೆಳಕಿಗೆ ಹಿಡಿದರು, ಹಿಂಡಿ ನೋಡಿದರು.

"ನೇಯ್ಗಿ ಗಟ್ಟಿ ಐತಿ. ಸೊಸಿಗೆ ನಾವು ಕೊಡೂ ಸೀರಿನೂ ನೀನ ನೇಯಿ. ಅದರಾಗ ತಲಿ ಅಷ್ಟ ಹಾಕು. ಅತ್ತಿ ಸೊಸಿ ಮಗ್ಗಲಕ ಮಗ್ಗಲ ಕುಂತ್ರ ಹಕ್ಕಿ ಪೂರಾ ಆಗತಾವ."

ಕಾಕಾ ಹಾಗೆಯೇ ನೇಯ್ದ. ಹಬ್ಬದ ದಿನ ಇಬ್ಬರೂ ಆ ಸೀರೆ ಉಟ್ಟು ಕೂತರೆ ನೋಡಲು ಓಣಿಯವರು ಬರುತ್ತಿದ್ದರು. ಜಗಳವಾದ ಹಬ್ಬಗಳಲ್ಲಿ ಅಕ್ಕ ಬೇಕೆಂದೇ ಅತ್ತೆಯ ಇನ್ನೊಂದು ಬದಿಗೆ ಕೂರುತ್ತಿದ್ದಳು. ತಲೆ ಒಂದು ಕಡೆ, ಬಾಲ ಒಂದು ಕಡೆ. ಆಗ ಅತ್ತೆ ಮೊಣಕಾಲು ಹಿಡಿದುಕೊಂಡು ತಾವೇ ಎದ್ದು, ಅಕ್ಕನ ಆಚೆ ಬದಿಗೆ ಹೋಗಿ ಕೂರುತ್ತಿದ್ದರಂತೆ.