ಹಳ್ಳದ ತಿರುವು ಮತ್ತು ಮೆತ್ತನೆಯ ಮೆಣಸಿನಕಾಯಿ

ನಾನು ಚಿಕ್ಕವನಿದ್ದಾಗ ನಡೆದ ಒಂದು ದಿನದ ವಿಷಯವನ್ನು ನಿಮಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಮಕ್ಕಳೇ. ಪ್ರತಿ ಸಲವೂ ನರಿಯ ಕಥೆಯನ್ನೋ ಮಂಗನ ಕಥೆಯನ್ನೋ ಹೇಳಿ ಜಾರಿಕೊಂಡೆ. ಇವತ್ತು ಹೇಳಿಯೇ ಬಿಡುತ್ತೇನೆ.

ಆಗ ಎಂಬತ್ತರ ದಶಕ ಶುರುವಾಗಿತ್ತು. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಮಳೆಗಾಲ ಬಂತೆಂದರೆ ಅಲ್ಲಿ ಕೆಲಸ ಕಡಿಮೆ. ಆ ವರ್ಷದ ಮೊದಲ ದೊಡ್ಡ ಮಳೆಗೆ ದೇವರಗುಡ್ಡದ ಆಚೆಗಿನ ಒಂದು ಹಳ್ಳದ ದಂಡೆ ಕುಸಿದು, ಉಸುಕಿನಲ್ಲಿ ಬಂಗಾರದ ಕಣ ಸಿಕ್ಕಿತೆಂಬ ಸುದ್ದಿ ಹಬ್ಬಿತು. ಅವ್ವ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅಪ್ಪ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹಳ್ಳಕ್ಕೆ ಹೊರಟ.

ನಾವು ಹೋಗುವಷ್ಟರಲ್ಲಿ ಅಲ್ಲಿ ಒಂದು ಊರೇ ಎದ್ದಿತ್ತು. ಹಲಗೇರಿಯಿಂದ, ಗುತ್ತಲದಿಂದ, ರಾಣೆಬೆನ್ನೂರಿನಿಂದ ಜನ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ತಾಡಪತ್ರಿಯ ಗುಡಿಸಲುಗಳು, ಹಸಿ ಕಟ್ಟಿಗೆಯ ಹೊಗೆ, ರೊಟ್ಟಿ ಬಡಿಯುವ ಸಪ್ಪಳ, ಜೊತೆಗೆ ಒಂದು ಚಹಾದಂಗಡಿ. ಅಗಲವಾದ ಕಟ್ಟಿಗೆಯ ಮರಿಗೆಯಲ್ಲಿ ಉಸುಕು ತುಂಬಿ ನೀರಿನಲ್ಲಿ ಅಲ್ಲಾಡಿಸುತ್ತ ಹೋದರೆ ಕೊನೆಗೆ ತಳದಲ್ಲಿ ಕರಿ ಉಸುಕಿನ ಒಂದು ಗೆರೆ ಉಳಿಯುತ್ತಿತ್ತು. ಆ ಗೆರೆಯಲ್ಲಿ ಸಾಸಿವೆಗಿಂತ ಸಣ್ಣದೊಂದು ಹಳದಿ ಚುಕ್ಕೆ ಮಿನುಗಿತೆಂದರೆ ಅಂದು ನಮಗೆ ಹಬ್ಬ.

ಹಳ್ಳ ಒಂದು ಕಡೆ ಡೊಂಕಾಗಿ ತಿರುಗುತ್ತಿತ್ತು. ನೀರು ನಿಧಾನವಾಗಿ ಹರಿಯುವ ಆ ತಿರುವಿನಲ್ಲೇ ಬಂಗಾರ ತಳ ಹಿಡಿಯುತ್ತದೆಂದು ಎಲ್ಲರ ನಂಬಿಕೆ. ಹಾಗಾಗಿ ಬೆಳಗಾದರೆ ಅಲ್ಲಿ ಜಗಳ. ಆ ಹಳ್ಳಕ್ಕೆ ಪೊಲೀಸರೂ ಬಂದವರಲ್ಲ, ಸರಕಾರದವರೂ ಬಂದವರಲ್ಲ. ಕಾಯ್ದೆ ಬೇಕೆಂದರೆ ನಾವೇ ಮಾಡಿಕೊಳ್ಳಬೇಕಿತ್ತು.

ಅದನ್ನು ಮಾಡಿದವಳು ಗುತ್ತಲದಿಂದ ಬಂದಿದ್ದ ಒಬ್ಬ ಮುದುಕಿ. ಎಲ್ಲ ಗುಡಿಸಲುಗಳವರಿಗೂ ಆಕೆ ಆಯಿ. ದಿನಕ್ಕೊಂದು ಮನೆಗೆ ತಿರುವು. ಪ್ರತಿ ಮನೆಯವರು ಒಂದು ಗಡಿಗೆಯಲ್ಲಿ ತಮ್ಮ ಗುರುತು ಹಾಕಬೇಕು, ಕಣ್ಣು ಕಟ್ಟಿದ ಹುಡುಗ ಒಂದನ್ನು ಎತ್ತಬೇಕು, ಯಾರದು ಬಂತೋ ಆ ದಿನ ತಿರುವು ಅವರದು. ಮೊದಲ ದಿನ ಒಬ್ಬರು ಕೀಲಿಕೈ ಹಾಕಿದರು, ಇನ್ನೊಬ್ಬರು ಅಂಗಿಯ ಗುಂಡಿ ಹಾಕಿದರು. ಮುಟ್ಟಿದರೆ ಯಾರದೆಂದು ಕೈಗೆ ಗೊತ್ತಾಗುತ್ತದೆಂದು ಗಲಾಟೆಯಾಯಿತು. ಆಯಿ ಕಾಯ್ದೆ ತಿದ್ದಿದಳು: ಎಲ್ಲರೂ ರಾತ್ರಿ ಒಲೆಯ ಪಕ್ಕದಲ್ಲಿಟ್ಟು ಒಣಗಿಸಿದ ಒಂದೊಂದು ಬ್ಯಾಡಗಿ ಮೆಣಸಿನಕಾಯಿ ಹಾಕಬೇಕು, ತೊಟ್ಟಿಗೆ ಮನೆಗೊಂದು ಬಣ್ಣದ ದಾರ ಕಟ್ಟಿರಬೇಕು. ಎತ್ತುವ ಹುಡುಗ ನಾನು. "ಕೂಸಿನ ಕೈಯಾಗ ಮೋಸ ಇರೂದಿಲ್ಲ ನೋಡ್ರಿ" ಎಂದು ಆಯಿ ನನ್ನ ಕೈಯನ್ನು ಎಲ್ಲರೆದುರು ಎತ್ತಿ ತೋರಿಸಿದ್ದಳು.

ರಾಣೆಬೆನ್ನೂರಿನ ಪೈಲವಾನನಿಗೆ ಇದು ಹಿಡಿಸಲಿಲ್ಲ. ರಟ್ಟೆಯಲ್ಲಿ ಬಲವಿದ್ದವನು ಮೆಣಸಿನಕಾಯಿಯ ಮಾತು ಕೇಳಬೇಕೇ ಎಂದು ಮೀಸೆ ತೀಡುತ್ತಿದ್ದ. ಒಮ್ಮೆ ತಿರುವು ಅವನ ಕೈಗೆ ಸಿಕ್ಕರೆ ಮತ್ತೆ ಬಿಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅವನ ಹಸಿರು ದಾರ ಒಂದು ದಿನವೂ ಬಂದಿರಲಿಲ್ಲ.

ಆ ದಿನ ಬೆಳಗ್ಗೆ ನೋಡಿದರೆ ರಾತ್ರಿಯ ಮಳೆಗೆ ತಿರುವಿನಲ್ಲಿ ಹೊಸ ಉಸುಕಿನ ದಿಬ್ಬವೇ ಬಿದ್ದಿತ್ತು. ಎಲ್ಲರ ಕಣ್ಣೂ ಅದರ ಮೇಲೆ. ಪೈಲವಾನ ನನ್ನನ್ನು ಚಹಾದಂಗಡಿಯ ಹಿಂದೆ ಕರೆದು, ಬಿಸಿ ಮಿರ್ಚಿ ಬಜಿಯ ತಟ್ಟೆ ಕೈಗಿಟ್ಟ.

"ತಿನ್ನೋ ತಮ್ಮಾ. ನೀ ಹಮಾಲನ ಮಗ. ನೀರ ಹೊಡದ ಕಾಯಿ ಯಾವುದು, ಒಣ ಕಾಯಿ ಯಾವುದು, ನಿನಗ ಗೊತ್ತಾಗಂಗಿಲ್ಲೇನು?"

ಗೊತ್ತಾಗದೆ ಏನು? ತೂಕ ಹೆಚ್ಚಲೆಂದು ಕೆಲವರು ಮೆಣಸಿನಕಾಯಿಗೆ ನೀರು ಚಿಮುಕಿಸಿ ಪೇಟೆಗೆ ತರುತ್ತಿದ್ದರು. ಒಣಗಿದ ಕಾಯಿ ಹಿಡಿದರೆ ಚರಚರ ಎನ್ನುತ್ತದೆ. ನೀರು ಕುಡಿದದ್ದು ಸುಮ್ಮನೆ ಬಾಗುತ್ತದೆ.

"ಮೆತ್ತಂದು ಎತ್ತು, ಅಷ್ಟ. ಸಂಜಿಗೆ ಸೈಕಲ್ ಮ್ಯಾಲ ದೇವರಗುಡ್ಡದ ತನಕ ಹೋಗಿ ಬರೂಣು."

ನಾನು ಅಲ್ಲಿಯವರೆಗೆ ಸೈಕಲ್ ಮೇಲೆ ಕೂತವನೇ ಅಲ್ಲ. ಇನ್ನೊಂದು ಬಜಿ ಬಾಯಿಗೆ ಹಾಕಿಕೊಂಡು ತಲೆಯಾಡಿಸಿದೆ.

ಅಕ್ಕ ನನ್ನ ಕಣ್ಣಿಗೆ ಬಟ್ಟೆ ಕಟ್ಟುತ್ತ ಕಿವಿಯಲ್ಲಿ, "ಲೇ, ಬಜಿ ವಾಸನಿ ಹೊಡ್ಯಾಕತ್ತೈತಿ. ಒಬ್ಬನ ತಿಂದಿಯೇನು ಹೊಟ್ಟಿಬಾಕ?" ಎಂದು ಚಿವುಟಿದಳು. ನಾನು ಗಡಿಗೆಯಲ್ಲಿ ಕೈಯಿಟ್ಟೆ. ಚರಚರ. ಮತ್ತೆ ಚರಚರ. ಆಮೇಲೆ ಬೆರಳಿಗೆ ಮೆತ್ತಗೆ ಒಂದು ಸಿಕ್ಕಿತು. ಎತ್ತಿದೆ. ಬಟ್ಟೆ ಬಿಚ್ಚಿದಾಗ ಕಂಡದ್ದು ಹಸಿರು ದಾರ.

ಪೈಲವಾನ ತನ್ನ ಚಕ್ಕಡಿಯನ್ನು ಸೀದಾ ತಿರುವಿಗೆ ಹೊಡೆದು, ಎತ್ತುಗಳ ಕೊರಳು ಬಿಚ್ಚಿ ಕೂಗಿದ: "ನಾಳಿಂದ ಗಡಿಗಿ ಇಲ್ಲ, ಮೆಣಸಿನಕಾಯಿ ಇಲ್ಲ! ಉಳದ ಕಾಯಿ ಸಾರಿನಾಗ ಹಾಕ್ಕೊಂಡು ಉಣ್ರಿ!"

ಜನ ಆಯಿಯನ್ನು ಮುತ್ತಿದರು. "ಇನ್ನೊಮ್ಮೆ ಎತ್ತಸ್ರಿ ಆಯಿ. ಈ ಹುಡುಗನ್ನ ನಂಬಾಕ ಆಗೂದಿಲ್ಲ" ಎಂದ ಒಬ್ಬ. ಆಯಿ ನನ್ನೆದುರು ಕುಕ್ಕರುಗಾಲಲ್ಲಿ ಕೂತು ನನ್ನ ಗದ್ದ ಹಿಡಿದಳು.

"ಖರೇ ಹೇಳು ಕೂಸ. ಕಣ್ಣ ಮುಚ್ಚಿದ್ವಿಲ್ಲೋ?"

"ಮುಚ್ಚಿದ್ವು, ಆಯಿ."

ಅದು ಸುಳ್ಳೇನಲ್ಲ. ಆಕೆ ಕೈಯ ವಿಷಯ ಕೇಳಲಿಲ್ಲವಲ್ಲ ಎಂದು ನನಗೆ ಹಾಯೆನಿಸಿತು.

ಆಯಿ ಎದ್ದು ನಿಂತಳು. "ಕೇಳಿದ್ರಿಲ್ಲ? ಈ ಹುಡುಗಗ ನಾ ಜಾಮೀನ. ನಾವ ಮಾಡಿದ ಕಾಯ್ದೆ ನಾವ ಮುರದ್ರ, ಆ ಪೈಲವಾನಗೂ ನಮಗೂ ಏನ್ರಿ ಫರಕ?"

"ಹಂಗಾರ ನಿಮ್ಮ ಕಾಯ್ದೆ ನೀವ ಇಟಗೋರಿ!" ಎಂದು ಒಬ್ಬೊಬ್ಬರಾಗಿ ಎದ್ದು ಹೋದರು. ಅಪ್ಪ ಮಾತ್ರ ಆಕೆಯ ಪಕ್ಕದಲ್ಲಿ ನಿಂತು, ಹೆಮ್ಮೆಯಿಂದ ನನ್ನ ತಲೆಯ ಮೇಲೆ ಕೈಯಿಟ್ಟ. ಆ ಕೈ ಮೆಣಸಿನಕಾಯಿಯ ಚೀಲದಷ್ಟು ಭಾರವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಆಯಿ ತನ್ನ ತಾಡಪತ್ರಿ ಮಡಚಿದಳು. ತನ್ನ ಮಾತು ನಡೆಯದ ಕಡೆ ಆಕೆ ಇರಲೊಲ್ಲಳು. ಚಕ್ಕಡಿ ಹತ್ತುವ ಮೊದಲು ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯೊಂದನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಸುಮ್ಮಸುಮ್ಮನ ನಿನ್ನ ಮ್ಯಾಲ ಅಪವಾದ ಬಂತಲ್ಲೋ. ಮನಸಿಗೆ ಹಚಗೋಬ್ಯಾಡ" ಎಂದಳು. ಚಕ್ಕಡಿ ದಂಡೆ ಹತ್ತಿ ಮರೆಯಾಗುವವರೆಗೂ ಓಡಿ ಹೋಗಿ ಹೇಳಲು ಸಮಯವಿತ್ತು. ನಾನು ರೊಟ್ಟಿ ತಿನ್ನುತ್ತ ನಿಂತೆ.

ಸಂಜೆ ಸೈಕಲ್ ಕೇಳಲು ಹೋದರೆ ಪೈಲವಾನ, "ಯಾವ ಸೈಕಲ್ಲೋ?" ಎಂದ. ಅವನು ಆ ತಿರುವನ್ನು ಕೆರೆಯಷ್ಟು ತೋಡಿದರೂ ಸಿಕ್ಕಿದ್ದು ಯಾವುದೋ ಎತ್ತಿನ ಕೊರಳಿನ ಹಿತ್ತಾಳೆ ಗಂಟೆ. ಅದನ್ನು ಎತ್ತಿ ಹಿಡಿದಾಗ ಅದು ಟಣ್ ಎಂದಿತು. ಹಳ್ಳಕ್ಕೆ ಹಳ್ಳವೇ ನಕ್ಕಿತು, ಅಕ್ಕ ನಕ್ಕು ನಕ್ಕು ನೀರಿನಲ್ಲಿ ಕೂತಳು. ಆದರೆ ಗಡಿಗೆ ಹೋದ ಮೇಲೆ ಗೇಣು ಗೇಣಿಗೂ ಹೊಡೆದಾಟ ಶುರುವಾಯಿತು. ಸ್ವಲ್ಪ ದಿನಗಳಲ್ಲೇ ಗುಡಿಸಲುಗಳು ಎದ್ದುಹೋದವು. ನಾವೂ ಬರಿಗೈಯಲ್ಲಿ ಬ್ಯಾಡಗಿಗೆ ಮರಳಿದೆವು.

ಈಗ ನೀವು ಓಣಿಯಲ್ಲಿ ಕ್ರಿಕೆಟ್ ಆಡುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತೇನೆ. ನಿಮ್ಮ ಕೈಯಲ್ಲಿ ಫೋನು ಇದೆ, ಮನೆಬಾಗಿಲಿಗೆ ಶಾಲೆಯ ಬಸ್ಸು ಬರುತ್ತದೆ, ಸೈಕಲ್ಲುಗಳು ಮೂಲೆಯಲ್ಲಿ ಧೂಳು ತಿನ್ನುತ್ತಿವೆ. ಆದರೂ ಮೊದಲು ಬ್ಯಾಟು ಯಾರಿಗೆ ಎಂಬುದನ್ನು ನೀವೇ ತೀರ್ಮಾನಿಸಬೇಕು. ಒಬ್ಬ ನೆಲದ ಮೇಲೆ ಗೆರೆ ಎಳೆದು, ಕೆಳಗೆ ಅಂಕಿ ಬರೆದು, ಬ್ಯಾಟು ಅಡ್ಡ ಇಟ್ಟು ಮುಚ್ಚುತ್ತಾನೆ. ಉಳಿದವರು ಅವನನ್ನು ನಂಬಿ ಒಂದೊಂದು ಗೆರೆಯ ಮೇಲೆ ಬೆರಳಿಡುತ್ತೀರಿ. ನೋಡಿದಾಗಲೆಲ್ಲ ನನಗೆ ಖುಷಿ, ಅದರ ಬೆನ್ನಿಗೇ ಸಂಕಟ.

ದೊಡ್ಡವನಾದ ಮೇಲೆ ಹಾವೇರಿಯ ನಿಲ್ದಾಣದಲ್ಲಿ ಗುತ್ತಲದ ಬಸ್ಸು ಎಷ್ಟೋ ಸಲ ನನ್ನೆದುರೇ ಬಂದು ನಿಂತಿದೆ. ನಾನು ಹತ್ತಲಿಲ್ಲ. ತಪ್ಪಾಯಿತೆಂದು ಆಕೆಗೆ ಹೇಳಬೇಕಿತ್ತು, ನಿಮಗೆ ಹೇಳುತ್ತಿದ್ದೇನೆ. ಆಯಿಯ ಹೆಸರು ಫಕ್ಕೀರವ್ವ.