ಹೆಂಡತಿ ಜೊತೆ ರೈಫಲ್ ಖರೀದಿ

ಸೈನ್ಯ ಬೇಡವೆಂದು ಮಾರಿದ ಹಳೆ ರೈಫಲ್ ಒಂದು ನನಗೆ ಬೇಕಿತ್ತು. ಮನೆಗೆ ಬಂದೂಕು ಬರಕೂಡದು ಎನ್ನಲೆಂದೇ ಹೆಂಡತಿಯೂ ಈ ಪರದೇಶದಲ್ಲಿ ನಾವಿರುವ ವುಡ್‌ಬ್ರಿಡ್ಜ್ ಹತ್ತಿರದ ಬಂದೂಕಿನ ಅಂಗಡಿಗೆ ಬಂದಳು. ಪರ್ಮಿಟ್ ತೋರಿಸಿದೆ. ಮುದುಕ ಮಾಲೀಕ ಇಂಡಿಯಾದಲ್ಲೇ ತಯಾರಾದ ತ್ರೀ ನಾಟ್ ತ್ರೀ ರೈಫಲನ್ನು ನನ್ನ ಕೈಗಿತ್ತ. ಖುಷಿಯಲ್ಲಿ ಎತ್ತಿದೆ ನೋಡಿ, ಅದರ ಮೂತಿ ಅವನ ಎದೆಗೇ ತಿರುಗಿತು. ಪಾಪ, ಬಗ್ಗಿಬಿಟ್ಟ.

“ಕೊಡ್ರೀ ಇಲ್ಲಿ!” ಎಂದು ಹೆಂಡತಿ ಕಸಿದುಕೊಂಡಳು. ಮೂತಿ ಕೆಳಗೆ ಮಾಡಿ, ಬೋಲ್ಟ್ ಎಳೆದು, ಒಳಗೆ ಬೆರಳಿಟ್ಟು ಖಾಲಿಯೆಂದು ಖಾತ್ರಿ ಮಾಡಿಕೊಂಡಳು.

“ಇದೆಲ್ಲ ಎಲ್ಲಿ ಕಲಿತೆ?”

“ಮೈಸೂರಲ್ಲಿ, ಕಾಲೇಜಿನ ಎನ್‌ಸಿಸಿಯಲ್ಲಿ. ನೀವು ಯಾವತ್ತು ಕೇಳಿದ್ರಿ?”

ಅವಳ ಪಳಗಿದ ಕೈ ಕಂಡು ಮಾಲೀಕನ ಮುಖ ಅರಳಿತು, ನನ್ನ ಆಸೆಯೂ ಚಿಗುರಿತು. ಅವಳು ಮರದ ಹಿಡಿಯ ಬಿರುಕನ್ನು ಸವರಿ ನೋಡಿ, ಅವನಿಗೆ ಇಂಗ್ಲಿಷಿನಲ್ಲಿ, “ಇದರಲ್ಲೇ ಬೇರೆ ತೋರಿಸಿ” ಎಂದಳು.

ಸೀರೆ ಅಂಗಡಿಯಲ್ಲಿ ಮಾಡುವ ಹಾಗೆ, ನಾನು ಕೂರಲು ಒಂದು ಸ್ಟೂಲ್ ಹುಡುಕಿದೆ.